35, 50, 85: ಛಾಯಾಗ್ರಾಹಕರ ಇಷ್ಟದ ಲೆನ್ಸ್‌ಗಳ ಹಿಂದಿನ ಲೆಕ್ಕ

ಫೋನಿನ ಕ್ಯಾಮೆರಾ ತೆರೆದರೆ ಪರದೆಯ ಕೆಳಗೆ .5, 1, 3 ಎಂಬ ಪುಟ್ಟ ಗುಂಡಿಗಳು ಕಾಣುತ್ತವೆ. ಒಂದನ್ನು ಒತ್ತಿದರೆ ಇಡೀ ಕೋಣೆ ಚಿತ್ರದೊಳಗೆ ಹಿಡಿಸುತ್ತದೆ. ಇನ್ನೊಂದನ್ನು ಒತ್ತಿದರೆ ದೂರದಲ್ಲಿ ನಿಂತವರ ಮುಖ ಎದುರಿಗೇ ಬರುತ್ತದೆ. ಆ ಗಳಿಗೆಯಲ್ಲಿ ಬಹುತೇಕ ಫೋನುಗಳು ಒಂದು ಲೆನ್ಸ್ ಬಿಟ್ಟು ಮತ್ತೊಂದಕ್ಕೆ ಹೋಗುತ್ತವೆ. ಛಾಯಾಗ್ರಾಹಕರು ಚೀಲದಿಂದ ತೆಗೆದು, ತಿರುಗಿಸಿ ಕೂರಿಸುವ ಲೆನ್ಸ್‌ನ ಕೆಲಸವೇ ಅದು.

ಹೀಗಾಗಿ ಇವತ್ತು ಎಷ್ಟೋ ಜನರ ಜೇಬಿನಲ್ಲಿ ಎರಡು ಮೂರು ಲೆನ್ಸ್‌ಗಳಿವೆ. ಆದರೂ ನುರಿತ ಛಾಯಾಗ್ರಾಹಕರನ್ನು ‘ನಿಮಗಿಷ್ಟದ ಲೆನ್ಸ್ ಯಾವುದು’ ಎಂದು ಕೇಳಿ, ಅವರು ‘ಥರ್ಟಿಫೈವ್’ ಎಂದೋ ‘ಏಯ್ಟಿಫೈವ್, ಒನ್ ಪಾಯಿಂಟ್ ಏಯ್ಟ್’ ಎಂದೋ ಹೇಳಿದರೆ ಆ ಮಾತು ತಲೆಯ ಮೇಲೆ ಹಾದುಹೋಗುತ್ತದೆ. ಅವರು ಹೇಳುತ್ತಿರುವುದು ಬಹಳ ಸರಳವಾದ ವಿಷಯ: ತಾವು ತೆಗೆಯುವ ವ್ಯಕ್ತಿಯಿಂದ, ವಸ್ತುವಿನಿಂದ ಎಷ್ಟು ದೂರ ನಿಲ್ಲುವುದು ತಮಗಿಷ್ಟ ಎಂಬುದನ್ನು. ಅದು ಹೇಗೆಂದು ಬುಡದಿಂದ ನೋಡೋಣ.

ಮೊದಲ ಸಂಖ್ಯೆ: ಕಿಟಕಿಯಿಂದ ಎಷ್ಟು ಹಿಂದೆ?

ಲೆನ್ಸ್‌ನ ಹೆಸರಿನಲ್ಲಿ ಬರುವ ಮೊದಲ ಸಂಖ್ಯೆ ಫೋಕಲ್ ಲೆಂತ್. ಶಾಲೆಯ ವಿಜ್ಞಾನದ ಪಾಠದಲ್ಲಿ ಇದನ್ನೇ ಸಂಗಮದೂರ ಎಂದು ಓದಿರುತ್ತೇವೆ. ಒಂದು ಭೂತಗನ್ನಡಿಯನ್ನು ಕಿಟಕಿಯ ಎದುರಿನ ಗೋಡೆಯ ಬಳಿ ಹಿಡಿದು ಹಿಂದೆ ಮುಂದೆ ಸರಿಸಿದರೆ, ಒಂದು ಜಾಗದಲ್ಲಿ ಹೊರಗಿನ ಮರ, ಆಕಾಶ ಎಲ್ಲ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತವೆ. ಆಗ ಗಾಜಿಗೂ ಗೋಡೆಗೂ ಇರುವ ಅಂತರವೇ, ಹೆಚ್ಚುಕಡಿಮೆ, ಆ ಗಾಜಿನ ಫೋಕಲ್ ಲೆಂತ್. ಕ್ಯಾಮೆರಾದಲ್ಲಿ ಗೋಡೆಯ ಜಾಗದಲ್ಲಿ ಫಿಲ್ಮ್ ಅಥವಾ ಬೆಳಕನ್ನು ಗ್ರಹಿಸುವ ಸೆನ್ಸರ್ ಇರುತ್ತದೆ.

ಈ ಅಂತರಕ್ಕೂ ಚಿತ್ರದಲ್ಲಿ ಎಷ್ಟು ಜಾಗ ಹಿಡಿಸುತ್ತದೆ ಎಂಬುದಕ್ಕೂ ಇರುವ ನಂಟನ್ನು ತಿಳಿಯಲು ಮನೆಯ ಕಿಟಕಿಯೇ ಸಾಕು. ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರೆ ಹೊರಗಿನ ರಸ್ತೆ ಆ ತುದಿಯಿಂದ ಈ ತುದಿಯವರೆಗೆ ಕಾಣುತ್ತದೆ. ಕೋಣೆಯ ಹಿಂದಿನ ಗೋಡೆಗೆ ಒರಗಿ ನೋಡಿದರೆ ಅದೇ ಕಿಟಕಿಯಲ್ಲಿ ಒಂದು ಮರವಷ್ಟೇ ಕಾಣುತ್ತದೆ. ಕಿಟಕಿ ಬದಲಾಗಿಲ್ಲ, ಕಣ್ಣಿಗೂ ಕಿಟಕಿಗೂ ನಡುವಿನ ದೂರ ಬದಲಾಗಿದೆ. ಆ ದೂರವೇ ಫೋಕಲ್ ಲೆಂತ್, ಕಿಟಕಿಯ ಚೌಕಟ್ಟೇ ಸೆನ್ಸರ್. ಇದು ಬರೀ ಹೋಲಿಕೆಯಲ್ಲ, ಕ್ಯಾಮೆರಾದೊಳಗಿನ ರೇಖಾಗಣಿತವೂ ಇದೇ.

36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ‘ಫುಲ್‌ಫ್ರೇಮ್’ ಸೆನ್ಸರ್‌ನ ಮುಂದೆ 24 ಮಿ.ಮೀ. ಲೆನ್ಸ್ ಇಟ್ಟರೆ ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿಯಷ್ಟು ನೋಟ ಸಿಗುತ್ತದೆ. 50ಕ್ಕೆ 47 ಡಿಗ್ರಿ, 200ಕ್ಕೆ ಕೇವಲ 12. ಚಿಕ್ಕ ಸಂಖ್ಯೆಯ ಲೆನ್ಸ್‌ಗಳನ್ನು ವೈಡ್ ಎಂದೂ ದೊಡ್ಡ ಸಂಖ್ಯೆಯವನ್ನು ಟೆಲಿ ಎಂದೂ ಕರೆಯುತ್ತಾರೆ. ಒಂದೇ ಫೋಕಲ್ ಲೆಂತ್ ಇರುವುದು ಪ್ರೈಮ್, ತಿರುಗಿಸಿ ಬದಲಾಯಿಸಬಹುದಾದದ್ದು ಜೂಮ್.

ಎರಡನೇ ಸಂಖ್ಯೆ: ಬೆಳಕಿನ ಬಾಗಿಲು

ಎಫ್ 1.8, ಎಫ್ 4 ಎನ್ನುವುದು ಅಪರ್ಚರ್, ಅಂದರೆ ಲೆನ್ಸ್‌ನೊಳಗೆ ಬೆಳಕು ಹಾದುಹೋಗುವ ರಂಧ್ರದ ಅಳತೆ. ನಮ್ಮ ಕಣ್ಣಿನ ಪಾಪೆ ಕತ್ತಲಲ್ಲಿ ಹಿಗ್ಗಿ ಬಿಸಿಲಲ್ಲಿ ಕುಗ್ಗುವಂತೆಯೇ ಇದೂ ಹಿಗ್ಗಿ ಕುಗ್ಗುತ್ತದೆ. ಹೊಸಬರನ್ನು ಗಲಿಬಿಲಿಗೊಳಿಸುವ ಸಂಗತಿ ಒಂದೇ: ಇಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಕಾರಣ, ಇದು ಭಾಗಾಕಾರ. ಫೋಕಲ್ ಲೆಂತನ್ನು ಈ ಸಂಖ್ಯೆಯಿಂದ ಭಾಗಿಸಿದರೆ ರಂಧ್ರದ ಅಗಲ ಸಿಗುತ್ತದೆ. 50 ಮಿ.ಮೀ. ಲೆನ್ಸನ್ನು ಎಫ್ 2ಕ್ಕೆ ಇಟ್ಟರೆ ರಂಧ್ರ 25 ಮಿ.ಮೀ., ಎಫ್ 10ಕ್ಕೆ ಇಟ್ಟರೆ 5 ಮಿ.ಮೀ.

ಲೆನ್ಸ್‌ಗಳ ಮೇಲೆ ಕಾಣುವ 1.4, 2, 2.8, 4, 5.6, 8, 11, 16 ಎಂಬ ವಿಚಿತ್ರ ಸರಣಿಯ ಗುಟ್ಟೂ ಇಲ್ಲೇ ಇದೆ. ಒಂದು ಮೆಟ್ಟಿಲು ಮುಂದೆ ಹೋದರೆ ಒಳಗೆ ಬರುವ ಬೆಳಕು ಸರಿಯಾಗಿ ಅರ್ಧವಾಗಬೇಕು. ವೃತ್ತದ ವಿಸ್ತೀರ್ಣ ಅರ್ಧವಾಗಬೇಕಾದರೆ ಅದರ ಅಗಲವನ್ನು 2ರ ವರ್ಗಮೂಲದಿಂದ, ಅಂದರೆ ಸುಮಾರು 1.4ರಿಂದ ಭಾಗಿಸಬೇಕು. ಅದಕ್ಕೇ ಪ್ರತಿ ಸಂಖ್ಯೆಯೂ ಹಿಂದಿನದರ 1.4 ಪಟ್ಟು. ಈ ಒಂದೊಂದು ಮೆಟ್ಟಿಲನ್ನೂ ಛಾಯಾಗ್ರಾಹಕರು ‘ಸ್ಟಾಪ್’ ಎನ್ನುತ್ತಾರೆ.

ಹಿನ್ನೆಲೆ ಮಸುಕಾಗುವುದೂ ಈ ರಂಧ್ರದಿಂದಲೇ. ದೂರದ್ದು ಕಾಣದವರು ಕನ್ನಡಕ ಮರೆತ ದಿನ ಕಣ್ಣು ಕಿರಿದು ಮಾಡಿ ಬಸ್ಸಿನ ಫಲಕ ಓದುವುದನ್ನು ನೋಡಿರುತ್ತೀರಿ. ಕಿರಿದಾದ ಕಿಂಡಿಯಲ್ಲಿ ಬಂದ ಬೆಳಕು ಹೆಚ್ಚು ಹರಡದೆ ಅಕ್ಷರ ತಿಳಿಯಾಗುತ್ತದೆ. ಲೆನ್ಸ್‌ನಲ್ಲೂ ಅಷ್ಟೇ: ಫೋಕಸ್‌ನಲ್ಲಿಲ್ಲದ ಪ್ರತಿಯೊಂದು ಬಿಂದುವೂ ಸೆನ್ಸರ್ ಮೇಲೆ ಒಂದು ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ರಂಧ್ರ ಅಗಲವಾದಷ್ಟೂ ಬಿಲ್ಲೆ ಅಗಲ, ಮಸುಕು ಹೆಚ್ಚು. ಆ ಮಸುಕಿನ ಗುಣಕ್ಕೆ ಬೊಕೆ ಎಂಬ ಹೆಸರಿದೆ, ಅದು ಜಪಾನಿ ಮಾತು.

36 × 24 ಎಲ್ಲಿಂದ ಬಂತು?

ಜರ್ಮನಿಯ ವೆಟ್ಸ್ಲರ್ ಊರಿನ ಲೈಟ್ಸ್ ಕಂಪನಿಯಲ್ಲಿದ್ದ ಓಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ 1914ರ ಹೊತ್ತಿಗೆ ಅಂಗೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾದ ಮಾದರಿಯೊಂದನ್ನು ಮಾಡಿಕೊಂಡಿದ್ದರು. ಅದಕ್ಕೆ ಅವರು ಆರಿಸಿದ್ದು ಸಿನಿಮಾಕ್ಕೆ ಬಳಸುತ್ತಿದ್ದ 35 ಮಿ.ಮೀ. ಅಗಲದ ಫಿಲ್ಮ್ ಸುರುಳಿ. ಸಿನಿಮಾದ ಒಂದು ಚೌಕಟ್ಟು 24 × 18 ಮಿ.ಮೀ. ಇತ್ತು. ಬಾರ್ನಾಕ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಚೌಕಟ್ಟುಗಳನ್ನು ಕೂಡಿಸಿ 36 × 24 ಮಾಡಿದರು. 1925ರಲ್ಲಿ ಲೈಪ್‌ಸಿಗ್‌ನ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಜನರ ಮುಂದೆ ಬಂತು. ನೂರು ವರ್ಷದ ಹಿಂದಿನ ಆ ಅಳತೆಯೇ ಇವತ್ತಿನ ಫುಲ್‌ಫ್ರೇಮ್ ಸೆನ್ಸರ್.

ಇದಕ್ಕಿಂತ ಚಿಕ್ಕ ಸೆನ್ಸರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಪಿಎಸ್-ಸಿ, ಸುಮಾರು 23.5 × 15.6 ಮಿ.ಮೀ. ಕಿಟಕಿ ಚಿಕ್ಕದಾದರೆ ನಿಂತಲ್ಲಿಂದಲೇ ಕಾಣುವ ನೋಟವೂ ಕಿರಿದಾಗುತ್ತದೆ. ಅದಕ್ಕೇ ಈ ಕ್ಯಾಮೆರಾಗಳಲ್ಲಿ 35ರ ಲೆನ್ಸ್ ಸುಮಾರು 50ರ ಹಾಗೆ ನಡೆದುಕೊಳ್ಳುತ್ತದೆ, 1.5ರಿಂದ ಗುಣಿಸಿದರಾಯಿತು.

ಚಿಕ್ಕ ಸೆನ್ಸರ್‌ನ ಇನ್ನೊಂದು ಪರಿಣಾಮ ಕತ್ತಲಲ್ಲಿ ಗೊತ್ತಾಗುತ್ತದೆ. ತುಂತುರು ಮಳೆಯಲ್ಲಿ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಅಗಲವಾದ ಬೋಗುಣಿಯನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ಹನಿ ಬೀಳುತ್ತದೆ ಎಂದು ಹೇಳಬೇಕಿಲ್ಲ. ಬೆಳಕೂ ಹನಿ ಹನಿಯಾಗಿಯೇ ಬೀಳುತ್ತದೆ. ಹನಿ ಕಡಿಮೆ ಸಿಕ್ಕಲ್ಲಿ ಏರುಪೇರು ಎದ್ದು ಕಾಣುತ್ತದೆ, ರಾತ್ರಿ ತೆಗೆದ ಫೋಟೊದಲ್ಲಿ ಮರಳು ಉದುರಿಸಿದಂತೆ ಕಾಣುವುದು ಹೆಚ್ಚಾಗಿ ಅದೇ. ಫುಲ್‌ಫ್ರೇಮ್‌ನ ವಿಸ್ತೀರ್ಣ 864 ಚದರ ಮಿ.ಮೀ., ಎಪಿಎಸ್-ಸಿಯದು ಸುಮಾರು 367.

ಮೆಗಾಪಿಕ್ಸೆಲ್ ಎಂದರೆ ಈ ಬೋಗುಣಿಯನ್ನು ಎಷ್ಟು ಸಣ್ಣ ಮನೆಗಳಾಗಿ ಭಾಗ ಮಾಡಿದ್ದಾರೆ ಎಂಬ ಲೆಕ್ಕ ಅಷ್ಟೇ. 24 ಮೆಗಾಪಿಕ್ಸೆಲ್‌ನ ಚಿತ್ರ, 6000 × 4000 ಚುಕ್ಕೆ, ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ 20 ಇಂಚು ಅಗಲ ಬರುತ್ತದೆ. ಹೆಚ್ಚಿನವರಿಗೆ ಅಷ್ಟು ಸಾಕು.

ಅಡಿಯಿಂದ ಮುಡಿಯವರೆಗೆ ತೆಗೆಯಬೇಕಾದರೆ

ಈಗ ಇಷ್ಟದ ಪ್ರಶ್ನೆಗೆ ಬರೋಣ. ನಿಂತಿರುವ ಒಬ್ಬರನ್ನು ಅಡಿಯಿಂದ ಮುಡಿಯವರೆಗೆ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು, ಫುಲ್‌ಫ್ರೇಮ್ ಕ್ಯಾಮೆರಾವನ್ನು ಉದ್ದುದ್ದ ಹಿಡಿದು ತೆಗೆಯಬೇಕು ಎಂದುಕೊಳ್ಳಿ. 35ರ ಲೆನ್ಸ್ ಇದ್ದರೆ ಸುಮಾರು 2 ಮೀಟರ್ ದೂರದಲ್ಲಿ ನಿಲ್ಲಬೇಕು. 50 ಇದ್ದರೆ 2.8 ಮೀಟರ್. 85ಕ್ಕೆ 4.7 ಮೀಟರ್. 200 ಹಾಕಿದರೆ 11 ಮೀಟರ್, ಅಲ್ಲಿಂದ ಮಾತಾಡಬೇಕಾದರೆ ದನಿ ಎತ್ತಬೇಕು. ಚಿತ್ರದಲ್ಲಿ ವ್ಯಕ್ತಿಯ ಎತ್ತರ ನಾಲ್ಕೂ ಸಲ ಒಂದೇ. ಬದಲಾಗುವುದು ಛಾಯಾಗ್ರಾಹಕರು ನಿಂತ ಜಾಗ, ಅದರ ಜೊತೆಗೆ ಹಿನ್ನೆಲೆಯಲ್ಲಿ ಎಷ್ಟು ಜಗತ್ತು ಸೇರುತ್ತದೆ ಎಂಬುದು.

ಮುಖದ ಆಕಾರವೂ ಇದರಿಂದಲೇ ಬದಲಾಗುತ್ತದೆ. ‘ವೈಡ್ ಲೆನ್ಸ್ ಮೂಗನ್ನು ಉಬ್ಬಿಸುತ್ತದೆ’ ಎಂಬ ಮಾತು ಎಲ್ಲೆಡೆ ಇದೆ, ಆದರೆ ಮೂಗನ್ನು ಉಬ್ಬಿಸುವುದು ದೂರ, ಲೆನ್ಸ್ ಅಲ್ಲ. ಮೂಗಿನ ತುದಿಯಿಂದ ಕಿವಿ ಸುಮಾರು 12 ಸೆಂ.ಮೀ. ಹಿಂದಿದೆ ಎಂದಿಟ್ಟುಕೊಳ್ಳಿ. ಮುಖ ಮತ್ತು ಹೆಗಲು ಚೌಕಟ್ಟನ್ನು ತುಂಬುವ ಹಾಗೆ 24ರ ಲೆನ್ಸ್‌ನಲ್ಲಿ ತೆಗೆಯಲು ಸುಮಾರು 56 ಸೆಂ.ಮೀ. ಹತ್ತಿರ ಹೋಗಬೇಕು. ಅಲ್ಲಿಂದ ಮೂಗು 56, ಕಿವಿ 68. ಹತ್ತಿರದ್ದು ದೊಡ್ಡದಾಗಿ ಕಾಣುವ ನಿಯಮದಂತೆ ಕಿವಿಗೆ ಹೋಲಿಸಿದರೆ ಮೂಗು ಇರಬೇಕಾದ್ದಕ್ಕಿಂತ ಶೇಕಡಾ 20ರಷ್ಟು ಹಿಗ್ಗುತ್ತದೆ. ಅದೇ ಚೌಕಟ್ಟನ್ನು 85ರಲ್ಲಿ ತುಂಬಲು 2 ಮೀಟರ್ ಹಿಂದೆ ಸರಿಯುತ್ತೇವೆ. ಆಗ 200ಕ್ಕೂ 212ಕ್ಕೂ ಇರುವ ವ್ಯತ್ಯಾಸ ಶೇಕಡಾ 6 ಮಾತ್ರ. ಮುಖಚಿತ್ರ ತೆಗೆಯುವವರು 85, 105, 135 ಎಂದು ಹಂಬಲಿಸುವುದು ಇದಕ್ಕೆ. ಫೋನನ್ನು ಕೈಯಳತೆಯಲ್ಲಿ ಹಿಡಿದು ತೆಗೆದುಕೊಂಡ ಸೆಲ್ಫಿಯಲ್ಲಿ ನಮ್ಮ ಮುಖ ನಮಗೇ ಪರಕೀಯವಾಗಿ ಕಾಣುವುದಕ್ಕೂ ಇದೇ ದೊಡ್ಡ ಕಾರಣ.

ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮೆಕರಿ 1984ರಲ್ಲಿ ಹಸಿರುಗಣ್ಣಿನ ಅಫ್ಘನ್ ಹುಡುಗಿಯನ್ನು ತೆಗೆದದ್ದು ನಿಕಾನ್ ಎಫ್‌ಎಂ2 ಕ್ಯಾಮೆರಾದಲ್ಲಿ, 105 ಮಿ.ಮೀ., ಎಫ್ 2.5ರ ಲೆನ್ಸ್ ಹಾಕಿ. ಆ ಚಿತ್ರದಲ್ಲಿ ಮುಖ ಸಮವಾಗಿದೆ, ಹಿನ್ನೆಲೆ ಕರಗಿ ಬರೀ ಬಣ್ಣವಾಗಿದೆ. ಹುಡುಗಿಯ ಮೇಲೆ ಮೈಚಾಚಿ ನಿಲ್ಲದೆಯೂ ಇಷ್ಟು ಹತ್ತಿರದ ನೋಟ ಸಿಕ್ಕಿದ್ದು ಆ 105ರಿಂದ.

ಫ್ರಾನ್ಸಿನ ಛಾಯಾಗ್ರಾಹಕ ಹೆನ್ರಿ ಕಾರ್ತಿಯೇ-ಬ್ರೆಸಾನ್ ಇದಕ್ಕೆ ತದ್ವಿರುದ್ಧ. 1930ರ ದಶಕದ ಆರಂಭದಲ್ಲಿ ಕೈಗೆ ಬಂದ ಲೈಕಾವನ್ನು ಅವರು ದಶಕಗಳ ಕಾಲ ಬಿಡಲಿಲ್ಲ, ಅದರ ಮೇಲೆ ಬಹುಪಾಲು 50ರ ಲೆನ್ಸೇ ಇರುತ್ತಿತ್ತು. ಹೊಳೆಯುವ ಲೋಹ ಜನರ ಕಣ್ಣಿಗೆ ಬೀಳಬಾರದೆಂದು ಕ್ಯಾಮೆರಾಕ್ಕೆ ಕಪ್ಪು ಟೇಪು ಸುತ್ತಿದ್ದರು. ಒಂದೇ ಲೆನ್ಸ್ ವರ್ಷಾನುಗಟ್ಟಲೆ ಕೈಯಲ್ಲಿದ್ದರೆ ಆಗುವ ಲಾಭ ದೊಡ್ಡದು: ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮುಂಚೆಯೇ ಚೌಕಟ್ಟಿನ ಅಂಚು ಎಲ್ಲಿ ಬೀಳುತ್ತದೆ ಎಂದು ಗೊತ್ತಿರುತ್ತದೆ, ಕಾಲು ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ನನಗಂತೂ ಪ್ರೈಮ್ ಲೆನ್ಸ್‌ಗಳ ಎಲ್ಲ ಗುಣಗಳಲ್ಲಿ ಇದೇ ಮುಖ್ಯ ಅನ್ನಿಸುತ್ತದೆ. 50ನ್ನು ‘ನಾರ್ಮಲ್’ ಎನ್ನುವುದಕ್ಕೆ ಪುಸ್ತಕದ ಕಾರಣ, ಅದು ಚೌಕಟ್ಟಿನ ಕರ್ಣದ ಉದ್ದಕ್ಕೆ, ಅಂದರೆ 43 ಮಿ.ಮೀ.ಗೆ ಹತ್ತಿರ ಎಂಬುದು. ಇನ್ನೊಂದು ಲೆಕ್ಕವೂ ಇದೆ: ಮುಖ ಮತ್ತು ಹೆಗಲಿನ ಅದೇ ಚೌಕಟ್ಟು 50ರಲ್ಲಿ ಸುಮಾರು 1.2 ಮೀಟರ್‌ನಿಂದ ಸಿಗುತ್ತದೆ. ಪರಿಚಯದವರ ಜೊತೆ ನಿಂತು ಮಾತಾಡುವ ದೂರ ಅದು.

35 ಮತ್ತು 28 ಬೀದಿ ಛಾಯಾಗ್ರಾಹಕರ, ಸುದ್ದಿ ಛಾಯಾಗ್ರಾಹಕರ ಪ್ರೀತಿಯ ಲೆನ್ಸ್‌ಗಳು. ವ್ಯಕ್ತಿಯ ಜೊತೆಗೆ ಅವರ ಸುತ್ತಲಿನ ಕೋಣೆ, ಗುಂಪು, ಗೋಡೆಯ ಬರಹ ಎಲ್ಲವೂ ಬರುತ್ತದೆ, ಆದರೆ ಅದಕ್ಕಾಗಿ ಜನರ ನಡುವೆಯೇ ನಿಲ್ಲಬೇಕು. ಜಪಾನಿನ ದೈದೊ ಮೊರಿಯಾಮ ಜೇಬಿಗೆ ಹಿಡಿಸುವ ರಿಕೋ ಜಿಆರ್ ಕ್ಯಾಮೆರಾಗಳಲ್ಲಿ, ಹೆಚ್ಚಾಗಿ 28ರ ನೋಟದಲ್ಲಿ, ನಗರದ ಬೀದಿಗಳನ್ನು ತೆಗೆದವರು.

ಪಕ್ಷಿಗಳು ಮಾತ್ರ ನಮ್ಮನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. 20 ಮೀಟರ್ ದೂರದ ಕೊಂಬೆಯಲ್ಲಿ ಕೂತ 20 ಸೆಂ.ಮೀ. ಉದ್ದದ ಹಕ್ಕಿ 50ರ ಲೆನ್ಸ್‌ನಲ್ಲಿ ಸೆನ್ಸರ್ ಮೇಲೆ ಅರ್ಧ ಮಿ.ಮೀ. ಆಗುತ್ತದೆ. 600ರಲ್ಲಿ 6 ಮಿ.ಮೀ. ಎಫ್ 4 ಬೇಕೆಂದರೆ ರಂಧ್ರ 150 ಮಿ.ಮೀ. ಇರಬೇಕು, ಮುಂದಿನ ಗಾಜು ಊಟದ ತಟ್ಟೆಗೆ ಹತ್ತಿರವಾಗುತ್ತದೆ. ಆ ಲೆನ್ಸ್‌ಗಳು ಈಗಲೂ ಸುಮಾರು 3 ಕಿಲೋ ತೂಗುವುದು ಇದರಿಂದ. ಮದುವೆ, ಸಭೆಗಳಲ್ಲಿ ದುಡಿಯುವವರಿಗೆ ನಿಲ್ಲುವ ಜಾಗವನ್ನು ಆರಿಸುವ ಸ್ವಾತಂತ್ರ್ಯ ಕಡಿಮೆ, ಹಾಗಾಗಿ ಅವರ ಚೀಲದಲ್ಲಿ 24-70 ಮತ್ತು 70-200ರ ಎಫ್ 2.8 ಜೂಮ್‌ಗಳಿರುತ್ತವೆ.

ಬಾಡಿ: ಕಣ್ಣು ಎಲ್ಲಿಂದ ನೋಡುತ್ತದೆ?

ಲೆನ್ಸ್ ಬಿಟ್ಟು ಉಳಿದ ಪೆಟ್ಟಿಗೆಯನ್ನು ‘ಬಾಡಿ’ ಎನ್ನುತ್ತಾರೆ. ಬಾಡಿಗಳ ನಡುವಿನ ದೊಡ್ಡ ವ್ಯತ್ಯಾಸ, ಛಾಯಾಗ್ರಾಹಕರು ದೃಶ್ಯವನ್ನು ಯಾವ ದಾರಿಯಲ್ಲಿ ನೋಡುತ್ತಾರೆ ಎಂಬುದು.

ಲೈಕಾದ ರೇಂಜ್‌ಫೈಂಡರ್‌ ಬಗೆಯ ಕ್ಯಾಮೆರಾದಲ್ಲಿ ನೋಡಲು ಬೇರೆಯದೇ ಒಂದು ಕಿಂಡಿ ಇದೆ. ಚೌಕಟ್ಟಿನ ಗೆರೆಯ ಆಚೆಗೆ ಏನಿದೆ, ಯಾರು ಒಳಗೆ ನಡೆದುಬರುತ್ತಿದ್ದಾರೆ ಎಂಬುದೂ ಕಾಣುತ್ತದೆ. ಎಸ್‌ಎಲ್‌ಆರ್‌ ಬಗೆಯ ಕ್ಯಾಮೆರಾದಲ್ಲಿ ಕನ್ನಡಿಯೊಂದು ಲೆನ್ಸ್‌ನ ನೋಟವನ್ನೇ ಕಣ್ಣಿಗೆ ಕಳಿಸುತ್ತದೆ, ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಫಿಲ್ಮ್‌ಗೆ ದಾರಿ ಬಿಡುತ್ತದೆ. 1959ರಲ್ಲಿ ಬಂದ ನಿಕಾನ್ ಎಫ್ ಈ ಬಗೆಯನ್ನು ಸುದ್ದಿ ಛಾಯಾಗ್ರಾಹಕರ ಕೈಗೆ ತಲುಪಿಸಿತು. ಸೊಂಟದ ಎತ್ತರದಲ್ಲಿ ಹಿಡಿದು ತಲೆ ಬಗ್ಗಿಸಿ ನೋಡುವ ರೋಲೈಫ್ಲೆಕ್ಸ್ 1929ರದ್ದು. ಮೇಲೊಂದು ಕೆಳಗೊಂದು ಲೆನ್ಸ್, ಮೇಲಿನದು ನೋಡಲು, ಕೆಳಗಿನದು ಚಿತ್ರಕ್ಕೆ. ಬದುಕಿದ್ದಾಗ ಯಾರ ಕಣ್ಣಿಗೂ ಬೀಳದೆ ಬೀದಿಚಿತ್ರ ತೆಗೆದ ವಿವಿಯನ್ ಮೇಯರ್ ಹೆಚ್ಚಾಗಿ ಬಳಸಿದ್ದು ಇದನ್ನೇ. ಎದುರಿಗಿದ್ದವರಿಗೆ ಕ್ಯಾಮೆರಾ ಮುಖಕ್ಕೆ ಒಡ್ಡಿದಂತೆ ಅನ್ನಿಸುವುದಿಲ್ಲ, ಚಿತ್ರವೂ ತುಸು ತಗ್ಗಿನಿಂದ ನೋಡಿದಂತೆ ಬರುತ್ತದೆ.

ಕಿಂಡಿಯೇ ಇಲ್ಲದ ಕ್ಯಾಮೆರಾವೂ ಒಂದಿತ್ತು. 1969ರಲ್ಲಿ ಅಪೋಲೊ 11ರ ಯಾನಿಗಳು ಚಂದ್ರನ ಮೇಲೆ ಎದೆಗೆ ಸಿಕ್ಕಿಸಿಕೊಂಡಿದ್ದ ಹ್ಯಾಸಲ್‌ಬ್ಲಾಡ್. ಹೆಲ್ಮೆಟ್ ಹಾಕಿದವರು ಕಣ್ಣನ್ನು ಕಿಂಡಿಗೆ ತಾಗಿಸಲಾರರು, ಹಾಗಾಗಿ ಇಡೀ ಮೈಯನ್ನೇ ತಿರುಗಿಸಿ ಗುರಿ ಹಿಡಿಯಬೇಕಿತ್ತು. ಅದರ ಮೇಲಿದ್ದ ಜೈಸ್ ಬಯೋಗಾನ್ 60 ಮಿ.ಮೀ. ಲೆನ್ಸ್ ಆ ದೊಡ್ಡ ಫಿಲ್ಮ್‌ಗೆ ಸಾಕಷ್ಟು ವೈಡ್, ಗುರಿ ತುಸು ಅತ್ತಿತ್ತ ಆದರೂ ದೃಶ್ಯ ಒಳಗೆ ಸಿಗುತ್ತಿತ್ತು. ತೂಕ ಉಳಿಸಲು ಫಿಲ್ಮ್ ಮಾತ್ರ ಭೂಮಿಗೆ ತಂದು ಕ್ಯಾಮೆರಾವನ್ನು ಅಲ್ಲೇ ಬಿಟ್ಟುಬಂದರು.

ಈಗ ಚಲಾವಣೆಯಲ್ಲಿರುವ ಮಿರರ್‌ಲೆಸ್ ಎಂದರೆ ಕನ್ನಡಿ ತೆಗೆದುಹಾಕಿದ ಕ್ಯಾಮೆರಾ. ಸೆನ್ಸರ್ ಕಂಡದ್ದನ್ನೇ ಒಂದು ಪುಟ್ಟ ಪರದೆ ಕಣ್ಣಿಗೆ ತೋರಿಸುತ್ತದೆ. ಕನ್ನಡಿಗೆ ಬೇಕಿದ್ದ ಜಾಗ ಉಳಿದದ್ದರಿಂದ ಲೆನ್ಸ್ ಸೆನ್ಸರ್‌ಗೆ ಬಹಳ ಹತ್ತಿರ ಬಂತು: ನಿಕಾನ್‌ನ ಹಳೆಯ ಎಫ್ ಮೌಂಟ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್‌ಗೆ 46.5 ಮಿ.ಮೀ. ಇತ್ತು, 2018ರ ಜೆಡ್ ಮೌಂಟ್‌ನಲ್ಲಿ 16 ಮಾತ್ರ. ಇದರಿಂದ ವೈಡ್ ಲೆನ್ಸ್‌ಗಳನ್ನು ಮಾಡುವುದು ಸುಲಭವಾಯಿತು. ನಡುವೆ ಒಂದು ಬಳೆ ಸೇರಿಸಿದರೆ ಐವತ್ತು ವರ್ಷ ಹಳೆಯ ಗಾಜನ್ನೂ ಹೊಸ ಬಾಡಿಯ ಮೇಲೆ ಕೂರಿಸಬಹುದು.

ಬಾಡಿ ಬದಲಾಗುತ್ತಲೇ ಇರುತ್ತದೆ. ಬ್ರೆಜಿಲ್ ಮೂಲದ ಛಾಯಾಗ್ರಾಹಕ ಸೆಬಾಸ್ಟಿಯಾವ್ ಸಲ್ಗಾಡೊ ಮೊದಲು ಲೈಕಾ, ಆಮೇಲೆ ದೊಡ್ಡ ಫಿಲ್ಮ್‌ನ ಪೆಂಟಾಕ್ಸ್ 645, ಕೊನೆಗೆ ಕ್ಯಾನನ್ ಡಿಜಿಟಲ್ ಹಿಡಿದರು. ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಮೂರೂ ಒಬ್ಬರದೇ ಕಣ್ಣು ಎಂದು ತಕ್ಷಣ ಗೊತ್ತಾಗುತ್ತದೆ.

ನಲವತ್ತು ವರ್ಷ ಕಾದ ಲೆನ್ಸ್

ಹಳೆಯ ಲೆನ್ಸ್‌ಗಳಿಗೆ ಒಂದು ‘ಗುಣ’ ಇದೆ ಎಂದು ಅನೇಕರು ಹೇಳುತ್ತಾರೆ. ಅದು ಬರೀ ನೆನಪಿನ ಮೋಹ ಅಲ್ಲ. ಗಾಜಿನ ಬರಿಯ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ರಾತ್ರಿ ದೀಪ ಹಾಕಿದ ಕೋಣೆಯಿಂದ ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೇ ಕಾಣುವುದು ಇದಕ್ಕೆ. ಲೆನ್ಸ್‌ನೊಳಗೆ ಹಲವು ಗಾಜುಗಳಿರುತ್ತವೆ, ಪ್ರತಿ ಮೇಲ್ಮೈಯೂ ತನ್ನ ಪಾಲು ಕಿತ್ತುಕೊಳ್ಳುತ್ತದೆ.

1896ರಲ್ಲಿ ಜೈಸ್ ಕಂಪನಿಯ ಪೌಲ್ ರುಡಾಲ್ಫ್ ‘ಪ್ಲಾನಾರ್’ ಎಂಬ ಲೆನ್ಸ್ ರೂಪಿಸಿದರು. ನಾಲ್ಕು ಗುಂಪುಗಳಲ್ಲಿ ಆರು ಗಾಜು, ಗಾಳಿಗೆ ತೆರೆದ ಎಂಟು ಮೇಲ್ಮೈ. 0.96ನ್ನು ಎಂಟು ಸಲ ಗುಣಿಸಿ ನೋಡಿದರೆ ಶೇಕಡಾ 28ರಷ್ಟು ಬೆಳಕು ದಾರಿಯಲ್ಲೇ ಸೋರಿಹೋಗುತ್ತದೆ. ಸೋರಿದ್ದರಲ್ಲಿ ಒಂದಷ್ಟು ಒಳಗೇ ಪುಟಿದಾಡಿ ಚಿತ್ರಕ್ಕೆ ಮಂಜು ಕವಿಸುತ್ತಿತ್ತು. 1902ರಲ್ಲಿ ಬಂದ ಆರು ಮೇಲ್ಮೈಗಳ ಸರಳ ‘ಟೆಸಾರ್’ ಅದನ್ನು ಹಿಂದೆ ಹಾಕಿತು. 1935ರಲ್ಲಿ ಅದೇ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಗಾಜಿಗೆ ಬೆಳಕಿನ ಅಲೆಗಿಂತ ತೆಳುವಾದ ಲೇಪ ಹಚ್ಚಿ ಈ ಪ್ರತಿಫಲನವನ್ನು ತಗ್ಗಿಸುವ ವಿಧಾನ ಕಂಡುಹಿಡಿದರು. ಲೇಪದ ಎರಡು ಬದಿಯಿಂದ ಚಿಮ್ಮುವ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಆ ಲೇಪ ಬಳಕೆಗೆ ಬಂದ ಮೇಲೆ ಪ್ಲಾನಾರ್‌ನ ವಿನ್ಯಾಸಕ್ಕೆ ಮರುಜೀವ ಬಂತು. ಇವತ್ತು ಹೊಸಬರಿಗೆ ಮೊದಲು ಕೊಳ್ಳಿ ಎಂದು ಎಲ್ಲರೂ ಹೇಳುವ 50 ಮಿ.ಮೀ., ಎಫ್ 1.8 ಲೆನ್ಸ್‌ಗಳಲ್ಲಿ ಬಹಳಷ್ಟು ಇದೇ ವಂಶದವು.

ಸುಮಾರು ಮೂವತ್ತು ಮೇಲ್ಮೈಗಳಿರುವ ಇಂದಿನ ಜೂಮ್ ಲೆನ್ಸ್ ಲೇಪವಿಲ್ಲದೆ ಇದ್ದಿದ್ದರೆ ಶೇಕಡಾ 70ರಷ್ಟು ಬೆಳಕು ಒಳಗೇ ಮುಗಿದುಹೋಗುತ್ತಿತ್ತು. ಹಳೆಯ ಗಾಜಿನ ಮೆಲು ಮಬ್ಬು, ಸೂರ್ಯನ ಸುತ್ತ ಹರಡುವ ಹೊಳಪು ಎಲ್ಲವೂ ಹೀಗೆ ಅಲೆದಾಡಿದ ಬೆಳಕಿನವು. ಅದನ್ನೇ ಪ್ರೀತಿಸಿ ಹುಡುಕಿ ಬಳಸುವವರಿದ್ದಾರೆ.

ಫೋನಿನ ಎಫ್ 1.8

ಫೋನಿನ ವಿವರದಲ್ಲೂ ಎಫ್ 1.8 ಎಂದಿರುತ್ತದೆ, ದೊಡ್ಡ ಲೆನ್ಸ್‌ನಲ್ಲೂ ಹಾಗೇ ಇರುತ್ತದೆ. ಎರಡೂ ಸುಳ್ಳಲ್ಲ. ಆದರೆ ಭಾಗಾಕಾರ ನೆನಪಿಸಿಕೊಳ್ಳಿ. ಫೋನಿನ ಲೆನ್ಸ್‌ನ ನಿಜವಾದ ಫೋಕಲ್ ಲೆಂತ್ 6 ಮಿ.ಮೀ. ಇದ್ದರೆ ರಂಧ್ರ 3.3 ಮಿ.ಮೀ. ಅದೇ ನೋಟ ಕೊಡುವ ಫುಲ್‌ಫ್ರೇಮ್‌ನ 26 ಮಿ.ಮೀ. ಲೆನ್ಸ್‌ನಲ್ಲಿ 14.4 ಮಿ.ಮೀ. ವಿಸ್ತೀರ್ಣದಲ್ಲಿ ಸುಮಾರು 19 ಪಟ್ಟು ವ್ಯತ್ಯಾಸ. ಆ ಕೊರತೆ ತುಂಬಲು ಫೋನು ಒಂದರ ಹಿಂದೆ ಒಂದರಂತೆ ಹಲವು ಚಿತ್ರ ತೆಗೆದು ಒಂದಾಗಿ ಬೆರೆಸುತ್ತದೆ. ಪೋರ್ಟ್ರೇಟ್ ಬಗೆಯಲ್ಲಿ ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ. ಕೂದಲಿನ ಎಳೆಗಳ ಅಂಚಿನಲ್ಲಿ ಆಗಾಗ ಎಡವುವುದು ಅದಕ್ಕೇ, ಅಲ್ಲಿ ಮಸುಕು ಬೆಳಕಿನಿಂದ ಬಂದದ್ದಲ್ಲ.

ನಿಮ್ಮ ಇಷ್ಟದ ದೂರ ಈಗಾಗಲೇ ದಾಖಲಾಗಿದೆ

ಪ್ರತಿ ಡಿಜಿಟಲ್ ಫೋಟೊದ ಜೊತೆಗೂ ಸಾಮಾನ್ಯವಾಗಿ ಒಂದು ಟಿಪ್ಪಣಿ ಸೇರಿರುತ್ತದೆ. ಗ್ಯಾಲರಿಯಲ್ಲಿ ಚಿತ್ರ ತೆರೆದು ಅದರ ವಿವರ ನೋಡಿದರೆ ಫೋಕಲ್ ಲೆಂತ್, ಅಪರ್ಚರ್, ಶಟರ್‌ನ ವೇಗ (ಬೆಳಕು ಎಷ್ಟು ಹೊತ್ತು ಒಳಗೆ ಬಂತು ಎಂಬುದು) ಸಿಗುತ್ತವೆ. ಎಷ್ಟೋ ಫೋನುಗಳು ನಿಜವಾದ ಚಿಕ್ಕ ಸಂಖ್ಯೆಯ ಪಕ್ಕದಲ್ಲಿ ಫುಲ್‌ಫ್ರೇಮ್‌ನ ಲೆಕ್ಕದ ಸಂಖ್ಯೆಯನ್ನೂ ಬರೆಯುತ್ತವೆ, ಹೋಲಿಸಬೇಕಾದ್ದು ಅದನ್ನು.

ನಿಮಗೆ ಬಹಳ ಇಷ್ಟವಾದ ಮೂವತ್ತು ನಲವತ್ತು ಚಿತ್ರಗಳನ್ನು ಆರಿಸಿ ಈ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತೆಗೆದ ಮೇಲೆ ಅಂಚು ಕತ್ತರಿಸಿದ್ದರೆ ಅದನ್ನೂ ಗುರುತು ಮಾಡಿ: ಅಗಲ ಅರ್ಧಕ್ಕೆ ಇಳಿದಿದ್ದರೆ ಸಂಖ್ಯೆಯನ್ನು ಎರಡರಿಂದ ಗುಣಿಸಿ. 26ರಲ್ಲಿ ತೆಗೆದು ಅರ್ಧ ಕತ್ತರಿಸಿದ ಚಿತ್ರ 52ರ ನೋಟವಾಗಿರುತ್ತದೆ. ಹಾಳೆಯ ತುಂಬ 50ರ ಆಸುಪಾಸಿನ ಸಂಖ್ಯೆಗಳೇ ಬಂದರೆ ಮುಂದೆ ಕೊಳ್ಳಬೇಕಾದ ಲೆನ್ಸ್ ಯಾವುದೆಂದು ಗೊತ್ತಾದ ಹಾಗೆ. ಗೋಡೆಗೆ ಬೆನ್ನು ತಾಗಿಸಿ .5 ಒತ್ತಿ ತೆಗೆದವೇ ಹೆಚ್ಚಿದ್ದರೆ ವೈಡ್ ಕಡೆ ನೋಡಿ. ಜೂಮ್ ಲೆನ್ಸ್ ಕೈಯಲ್ಲಿದ್ದರೆ ಆ ಸಂಖ್ಯೆಗೆ ಬಳೆ ತಿರುಗಿಸಿ, ಒಂದು ವಾರ ಅದನ್ನು ಮುಟ್ಟದೆ, ಕಾಲಿನಿಂದಲೇ ಹಿಂದೆ ಮುಂದೆ ಸರಿದು ತೆಗೆದು ನೋಡಿ.